ಅನುಮತಿಪತ್ರವೂ ಸಾಕ್ಷಿಪತ್ರವೂ: ಅಮೆರಿಕದ ಕೌಂಟಿ ಕಚೇರಿಗಳಲ್ಲಿ ವಿವಾಹ ದಾಖಲೆಯ ಇತಿಹಾಸ

ವಿವಾಹಕ್ಕೆ ಅಗ್ನಿ ಸಾಕ್ಷಿ, ಬಂಧುಬಳಗ ಸಾಕ್ಷಿ, ಊರಿನ ಹಿರಿಯರು ಸಾಕ್ಷಿ ಎಂದು ನಮ್ಮ ನಾಡು ತಲೆತಲಾಂತರದಿಂದ ನಂಬಿ ಬಂದಿದೆ. ಆದರೆ ಅಗ್ನಿ ಆರುತ್ತದೆ, ಹಿರಿಯರು ಕಾಲವಶರಾಗುತ್ತಾರೆ, ಬಂಧುಗಳು ದೂರದೂರಿಗೆ ಚದುರುತ್ತಾರೆ. ಆಗ ಉಳಿಯುವ ಸಾಕ್ಷಿ ಬರಹವೊಂದೇ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಬರಹವನ್ನು ಕಾಯುವ ಹೊಣೆ ಹೆಚ್ಚಿನ ರಾಜ್ಯಗಳಲ್ಲಿ ಕೌಂಟಿ ಕಚೇರಿಯದು. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂತಹ ಆಡಳಿತ ಘಟಕ. ಇಡೀ ದೇಶಕ್ಕೆ ಒಂದೇ ವಿವಾಹ ದಫ್ತರವೆಂಬುದು ಅಲ್ಲಿಲ್ಲ. ಮಕ್ಕಳು ಆ ದೇಶದಲ್ಲಿ ನೆಲಸಿರುವ ಅನೇಕ ಕುಟುಂಬಗಳಿಗೆ ಈ ಕಚೇರಿಯ ಹೆಸರು ಪರಿಚಿತವೇ ಆಗಿದೆ. ಆದರೆ ಅಲ್ಲಿ ದೊರೆಯುವ ಒಂದು ಹಾಳೆಯ ಹಿಂದೆ ಎಷ್ಟು ನೋವು, ಎಷ್ಟು ಅನ್ಯಾಯ, ಎಷ್ಟು ಘನತೆ ಅಡಗಿವೆ ಎಂಬುದನ್ನು ಅರಿತವರು ವಿರಳ.

ಈ ಪದ್ಧತಿಯ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಮದುವೆಯ ಪ್ರಸ್ತಾಪವನ್ನು ಮೂರು ಭಾನುವಾರ ಚರ್ಚಿನಲ್ಲಿ ಸಾರಿ ಹೇಳಬೇಕಾಗಿತ್ತು. ಆಕ್ಷೇಪಣೆಯಿದ್ದವರು ಮುಂದೆ ಬಂದು ಹೇಳಲೆಂಬುದು ಅದರ ಉದ್ದೇಶ. ಹಾಗೆ ಸಾರುವುದು ಬೇಡವೆನ್ನುವವರು ಹಣ ತೆತ್ತು ಧರ್ಮಾಧಿಕಾರಿಯಿಂದ ಪರವಾನಗಿ ಪಡೆಯುತ್ತಿದ್ದರು. ಅಂದರೆ ಮೊದಲಿಗೆ ಪರವಾನಗಿ ಎಂಬುದು ಒಂದು ವಿನಾಯಿತಿಯಾಗಿತ್ತು. ಅಮೆರಿಕದ ವಸಾಹತುಗಳಿಗೆ ಹೋದ ಪ್ಯೂರಿಟನ್ ಪಂಥದವರು ವಿವಾಹವನ್ನು ಚರ್ಚಿನ ಸಂಸ್ಕಾರವೆಂದು ಎಣಿಸದೆ ಲೌಕಿಕ ಒಪ್ಪಂದವೆಂದು ಬಗೆದರು. ಮ್ಯಾಸಚೂಸೆಟ್ಸ್ ವಸಾಹತು 1639ರಲ್ಲಿಯೇ ಜನನ, ಮರಣಗಳೊಡನೆ ವಿವಾಹವನ್ನೂ ಸಾರ್ವಜನಿಕ ದಫ್ತರದಲ್ಲಿ ಬರೆದಿಡುವಂತೆ ವಿಧಿಸಿತು.

ದಕ್ಷಿಣದ ವಸಾಹತುಗಳಲ್ಲಿ ಬೇರೊಂದು ಕ್ರಮ ಬೆಳೆಯಿತು. ವರನೂ ಅವನ ಪರವಾಗಿ ಒಬ್ಬ ಜಾಮೀನುದಾರನೂ ಕೌಂಟಿ ನ್ಯಾಯಾಲಯದ ಕ್ಲಾರ್ಕನ ಮುಂದೆ ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಈ ವಿವಾಹಕ್ಕೆ ಕಾನೂನಿನ ಅಡ್ಡಿಯಿಲ್ಲ, ಇದ್ದುದು ಕಂಡುಬಂದರೆ ಇಂತಿಷ್ಟು ಹಣ ತೆರುತ್ತೇವೆ ಎಂಬುದು ಅದರ ಒಕ್ಕಣೆ. ಉತ್ತರ ಕೆರೊಲೈನಾದಲ್ಲಿ ಈ ಮುಚ್ಚಳಿಕೆಯ ಪದ್ಧತಿ 1741ರಿಂದ 1868ರವರೆಗೆ ನಡೆದುಬಂದಿತು. ಮುಚ್ಚಳಿಕೆ ಇದ್ದ ಮಾತ್ರಕ್ಕೆ ಮದುವೆ ನಡೆಯಿತೆಂದು ಹೇಳಲಾಗದು, ಅದು ಮದುವೆಯ ಉದ್ದೇಶಕ್ಕೆ ಮಾತ್ರ ಪ್ರಮಾಣ. ಮುಂದೆ ನಡೆಯಲಿರುವುದಕ್ಕೆ ಅನುಮತಿ ಒಂದು, ನಡೆದುಹೋದುದಕ್ಕೆ ಸಾಕ್ಷಿ ಇನ್ನೊಂದು. ಕೌಂಟಿ ಕಚೇರಿಯ ಇತಿಹಾಸವೆಲ್ಲ ಈ ಎರಡರ ನಡುವಿನ ವ್ಯತ್ಯಾಸದಲ್ಲಿಯೇ ಇದೆ.

ಸಾಕ್ಷಿಯ ಬೆಲೆ ಏನೆಂಬುದನ್ನು ಅದು ದೊರೆಯದವರೇ ಚೆನ್ನಾಗಿ ಬಲ್ಲರು. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನರ ದಾಂಪತ್ಯಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ಒಡೆಯನು ಬಯಸಿದಾಗ ಗಂಡನನ್ನು ಒಂದೆಡೆಗೆ, ಹೆಂಡತಿಯನ್ನು ಇನ್ನೊಂದೆಡೆಗೆ ಮಾರಬಹುದಾಗಿತ್ತು. ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಉತ್ತರ ಕೆರೊಲೈನಾ ಮತ್ತು ವರ್ಜೀನಿಯಾ ರಾಜ್ಯಗಳು ಅಂತಹ ದಾಂಪತ್ಯಗಳನ್ನು ಮಾನ್ಯಮಾಡಿದವು. ಉತ್ತರ ಕೆರೊಲೈನಾದಲ್ಲಿ ಬಿಡುಗಡೆ ಹೊಂದಿದ ದಂಪತಿಗಳು ಕೌಂಟಿಯ ಕ್ಲಾರ್ಕನ ಅಥವಾ ಸ್ಥಳೀಯ ನ್ಯಾಯಾಧಿಕಾರಿಯ ಮುಂದೆ ನಿಂತು, ತಾವು ಎಂದಿನಿಂದ ಸತಿಪತಿಗಳಾಗಿ ಬಾಳುತ್ತಿದ್ದೇವೆಂದು ಹೇಳಿ ಬರೆಸಬೇಕಾಗಿತ್ತು. ಅದಕ್ಕೆ ಶುಲ್ಕ 25 ಸೆಂಟು. ಹೊಸದಾಗಿ ಮದುವೆಯಾಗಿರೆಂದು ಆ ಕಡತ ಅವರನ್ನು ಕೇಳಲಿಲ್ಲ. ಕಳೆದ ವರ್ಷಗಳನ್ನೂ ಸೇರಿಸಿಯೇ ಅವರ ದಾಂಪತ್ಯವನ್ನು ಬರೆದುಕೊಂಡಿತು. ಹಲವು ದಶಕಗಳ ಸಂಸಾರ ಮೊದಲ ಬಾರಿಗೆ ಸರ್ಕಾರದ ಪುಸ್ತಕದಲ್ಲಿ ಕಾಣಿಸಿಕೊಂಡುದು ಹೀಗೆ. ಯುದ್ಧದಲ್ಲಿ ಮಡಿದ ಸೈನಿಕನ ವಿಧವೆ ನಿವೃತ್ತಿವೇತನ ಪಡೆಯಬೇಕಾದರೆ ವಿವಾಹವನ್ನು ಸಿದ್ಧಪಡಿಸಬೇಕಿತ್ತು. ಬರಹವೇ ಇಲ್ಲದ ಕಪ್ಪು ಸೈನಿಕರ ವಿಧವೆಯರಿಗಾಗಿ, ಜೊತೆಯಾಗಿ ಬಾಳಿದುದರ ಸಾಕ್ಷ್ಯವನ್ನೇ ಒಪ್ಪಬೇಕೆಂದು 1864ರಲ್ಲಿ ವಿಶೇಷ ಶಾಸನ ಮಾಡಬೇಕಾಗಿ ಬಂದಿತು.

ಅದೇ ಮೇಜಿನ ಇನ್ನೊಂದು ಮುಖ ಕಠೋರವಾದುದು. ಅನುಮತಿ ಕೊಡುವ ಕೈಗೆ ನಿರಾಕರಿಸುವ ಅಧಿಕಾರವೂ ಇರುತ್ತದೆ. ವರ್ಜೀನಿಯಾ 1924ರಲ್ಲಿ ಜನಾಂಗ ಶುದ್ಧಿಯ ಹೆಸರಿನಲ್ಲಿ ಶಾಸನವೊಂದನ್ನು ಮಾಡಿ, ಬಿಳಿಯರು ಅನ್ಯ ವರ್ಣದವರನ್ನು ಮದುವೆಯಾಗುವುದನ್ನು ನಿಷೇಧಿಸಿತು. ಅರ್ಜಿದಾರರು ಹೇಳಿದ ವರ್ಣದ ಬಗೆಗೆ ಸಂದೇಹ ಬಂದರೆ ಪರವಾನಗಿಯನ್ನು ತಡೆಹಿಡಿಯುವ ಅಧಿಕಾರ ಕ್ಲಾರ್ಕನಿಗೆ ದೊರೆಯಿತು. 1946ರವರೆಗೆ ಆ ರಾಜ್ಯದ ಜನನ, ಮರಣ, ವಿವಾಹ ದಾಖಲೆಗಳ ಮುಖ್ಯಾಧಿಕಾರಿಯಾಗಿದ್ದ ವಾಲ್ಟರ್ ಪ್ಲೆಕರ್, ಅಲ್ಲಿನ ಮೂಲನಿವಾಸಿ ಇಂಡಿಯನ್ನರನ್ನು ಇಂಡಿಯನ್ನರೆಂದು ಬರೆಯಗೊಡದೆ ಕಪ್ಪು ವರ್ಗಕ್ಕೆ ಸೇರಿಸುವಂತೆ ಮಾಡಿದನು. ಇದರಿಂದ ಹಲವು ಬುಡಕಟ್ಟುಗಳು ಮುಂದೆ ತಮ್ಮ ವಂಶಪರಂಪರೆಯನ್ನು ಸಿದ್ಧಪಡಿಸಲು ಬಹುಕಾಲ ಪರದಾಡಬೇಕಾಯಿತು. ದಾಖಲೆಯನ್ನು ಕಾಯಬೇಕಾದವನೇ ದಾಖಲೆಯನ್ನು ಸುಳ್ಳಾಗಿಸಿದ ನಿದರ್ಶನವಿದು.

ಆ ರಾಜ್ಯದ ಕ್ಯಾರೊಲೈನ್ ಕೌಂಟಿಯವರಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಗಳು 1958ರ ಜೂನ್ ತಿಂಗಳಿನಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆ ಹೋಗಿ ವಿವಾಹವಾಗಿ ಬಂದರು. ಮುಂದಿನ ತಿಂಗಳು ನಡುರಾತ್ರಿಯಲ್ಲಿ ಅವರನ್ನು ಬಂಧಿಸಲು ಬಂದವರಿಗೆ, ಗೋಡೆಯ ಮೇಲಿದ್ದ ವಿವಾಹ ಪ್ರಮಾಣಪತ್ರವೇ ಇಲ್ಲಿ ನಿಷ್ಪ್ರಯೋಜಕವೆನಿಸಿತು. ಒಂದು ವರ್ಷದ ಸೆರೆವಾಸ ವಿಧಿಸಿದ ನ್ಯಾಯಾಲಯ, ಇಪ್ಪತ್ತೈದು ವರ್ಷ ಇಬ್ಬರೂ ಜೊತೆಯಾಗಿ ಆ ರಾಜ್ಯಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 1967ರ ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ಏಕಮತದ ತೀರ್ಪು ನೀಡಿತು. ಆಗ ಇನ್ನೂ 16 ರಾಜ್ಯಗಳಲ್ಲಿ ಇಂತಹ ನಿಷೇಧಗಳು ಉಳಿದಿದ್ದವು.

ಈ ಚರಿತ್ರೆಯಲ್ಲಿ ಭಾರತೀಯರಿಗೂ ಒಂದು ಪುಟವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಕ್ಯಾಲಿಫೋರ್ನಿಯಕ್ಕೆ ಹೋದ ಕೃಷಿಕರು 1917ರ ವಲಸೆ ಶಾಸನದ ಬಳಿಕ ಊರಿನಿಂದ ಹೆಂಡಿರನ್ನು ಕರೆಸಿಕೊಳ್ಳುವಂತಿರಲಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ಅವರಲ್ಲಿ ಹಲವರು ಮೆಕ್ಸಿಕೋ ಮೂಲದ ಸ್ತ್ರೀಯರನ್ನು ವರಿಸಿದರು. ವರ್ಣಭೇದದ ಮದುವೆಗೆ ಅಲ್ಲಿಯೂ ನಿಷೇಧವಿತ್ತು. ವಧೂವರರಿಬ್ಬರನ್ನೂ ಕಂದು ವರ್ಣದವರೆಂದು ಕ್ಲಾರ್ಕ್ ಬರೆದುಕೊಂಡರೆ ಪರವಾನಗಿ ದೊರೆಯುತ್ತಿತ್ತು. ಒಪ್ಪದ ಕ್ಲಾರ್ಕ್ ಎದುರಾದರೆ ಬೇರೆ ಕೌಂಟಿಗೋ ನೆರೆರಾಜ್ಯಕ್ಕೋ ಹೋಗಬೇಕಾಗಿತ್ತು. ಕ್ಯಾಲಿಫೋರ್ನಿಯದ ಈ ನಿಷೇಧ ರದ್ದಾದುದು 1948ರಲ್ಲಿ. ಲಾಸ್ ಏಂಜಲಿಸ್ ಕೌಂಟಿಯ ಕ್ಲಾರ್ಕ್ ಪರವಾನಗಿ ನಿರಾಕರಿಸಿದ ಆಂಡ್ರಿಯಾ ಪೆರೆಜ್ ಅವರ ಮೊಕದ್ದಮೆಯಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ 4–3ರ ಬಹುಮತದಿಂದ ಹಾಗೆ ತೀರ್ಪಿತ್ತಿತು. ಈ ಪಂಜಾಬಿ–ಮೆಕ್ಸಿಕನ್ ಕುಟುಂಬಗಳ ಚರಿತ್ರೆಯನ್ನು ಬರೆದ ವಿದುಷಿ ಕ್ಯಾರೆನ್ ಲಿಯೊನಾರ್ಡ್ ಅವರಿಗೆ ಮುಖ್ಯ ಆಕರಗಳಾಗಿ ಒದಗಿದವುಗಳಲ್ಲಿ ಕೌಂಟಿ ಕಚೇರಿಗಳ ದಾಖಲೆಗಳೂ ಸೇರಿದ್ದವು.

ಇಂದಿನ ಕ್ರಮದಲ್ಲಿಯೂ ಆ ಹಳೆಯ ಎರಡು ಹೆಜ್ಜೆಗಳು ಉಳಿದಿವೆ. ವಧೂವರರು ಗುರುತಿನ ಪತ್ರಗಳೊಡನೆ ಅರ್ಜಿ ಸಲ್ಲಿಸಿ, ಶುಲ್ಕ ತೆತ್ತು ಪರವಾನಗಿ ಪಡೆಯುತ್ತಾರೆ. ಟೆಕ್ಸಾಸಿನಲ್ಲಿ ಸಾಮಾನ್ಯವಾಗಿ 72 ಗಂಟೆ ಕಳೆದ ಮೇಲೆಯೇ ವಿವಾಹ ನಡೆಯಬೇಕು. ಕ್ಯಾಲಿಫೋರ್ನಿಯದ ಪರವಾನಗಿ 90 ದಿನಗಳವರೆಗೆ ಸಲ್ಲುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಪರವಾನಗಿ ಕೊಡುವವರು ನಗರದ ಅಥವಾ ಪಟ್ಟಣದ ಕ್ಲಾರ್ಕರು. ಪುರೋಹಿತರಿಲ್ಲದೆ ಪರಸ್ಪರ ವಚನದಿಂದಲೇ ಮದುವೆಯಾಗುವ ಕ್ವೇಕರ್ ಪಂಥದವರ ಸಂಪ್ರದಾಯವನ್ನು ಗೌರವಿಸಿ, ಪೆನ್ಸಿಲ್ವೇನಿಯದಲ್ಲಿ ಅದಕ್ಕೆಂದೇ ಬೇರೆ ಬಗೆಯ ಪರವಾನಗಿ ಇದೆ. ವಿವಾಹ ನೆರವೇರಿಸಿದವರು ದಿನಾಂಕ, ಸ್ಥಳಗಳನ್ನು ತುಂಬಿ ರುಜು ಮಾಡಿ ಪತ್ರವನ್ನು ಕಚೇರಿಗೆ ಹಿಂದಿರುಗಿಸಬೇಕು. ಅದು ದಫ್ತರ ಸೇರಿದ ಮೇಲೆಯೇ ದೃಢೀಕೃತ ನಕಲು ಸಿಗುವುದು. ಆ ನಕಲನ್ನು ಭಾರತದಲ್ಲಿ ಬಳಸಬೇಕಾದರೆ ಅದನ್ನು ನೀಡಿದ ರಾಜ್ಯದ ಅಧಿಕಾರಿಯಿಂದ ಅಪೊಸ್ಟಿಲ್ ಎಂಬ ಮುದ್ರೆ ಪಡೆಯಬಹುದು. ಭಾರತ 2005ರಲ್ಲಿ ಈ ಅಂತರರಾಷ್ಟ್ರೀಯ ಒಪ್ಪಂದವನ್ನು ಸೇರಿತು.

ವಿವಾಹ ನಡೆದ ಸ್ಥಳವೇ ಅದರ ದಾಖಲೆಯ ಸ್ಥಳ. ಕರ್ನಾಟಕದಲ್ಲಿ ಮದುವೆಯಾಗಿ ಅಮೆರಿಕಕ್ಕೆ ಹೋಗುವವರಿಗೆ ಇಲ್ಲಿನ ನೋಂದಣಿಯೇ ಆಧಾರ. 1955ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ, ಅದರ 8ನೆಯ ಪ್ರಕರಣ ನೋಂದಣಿಗೆ ಅವಕಾಶ ಕಲ್ಪಿಸಿದೆ. ಎಲ್ಲ ವಿವಾಹಗಳ ನೋಂದಣಿ ಕಡ್ಡಾಯವಾಗಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿತು. ಬಸದಿಯ ಆವರಣದಲ್ಲಿ ವಿವಾಹಕ್ಕೆ ಸ್ಥಳ ಕೊಡುವ ಆಡಳಿತ ಮಂಡಳಿಗಳು ತಮ್ಮ ಪುಸ್ತಕದಲ್ಲಿ ಹೆಸರು, ವಯಸ್ಸು, ದಿನಾಂಕಗಳನ್ನು ಬರೆಯುವಾಗ ಇದನ್ನು ನೆನಪಿಡಬೇಕು. ಪ್ರಯಾಣದ ಅವಸರಕ್ಕಾಗಿ ದಿನಾಂಕವನ್ನು ಹಿಂದುಮುಂದು ಮಾಡಿಕೊಡುವುದು ಉಪಕಾರವೆನಿಸಬಹುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂದು ಹಿಂದಿನವರು ಎಣಿಸಿದುದು ಇಂತಹ ಬರಹವನ್ನೇ. ಅದರ ಫಲವನ್ನು ಉಣ್ಣುವವರು ಬರೆದುಕೊಟ್ಟವರಲ್ಲ. ಮುಂದೊಂದು ದಿನ ಪರದೇಶದ ಕಚೇರಿಯ ಮುಂದೆ ಪತ್ನಿಯೆಂಬ ತನ್ನ ಹಕ್ಕನ್ನು ಸಿದ್ಧಪಡಿಸಬೇಕಾಗಿ ಬರುವ ಹೆಣ್ಣುಮಗಳೇ ಅದನ್ನು ಉಣ್ಣಬೇಕಾಗುತ್ತದೆ.