ಮಾಮೂಲಿ ದಿನದ ಒಂದು ಫೋಟೋ

ಚರಿತ್ರೆ ಎಂದರೆ ಕಲ್ಲಿನ ಮೇಲೆ ಕೊರೆದದ್ದು ಎಂದೇ ನಾವು ಓದುವ ಕಾಲದಲ್ಲಿ ಕಲಿತದ್ದು. ಬಿ.ಎಲ್. ರೈಸ್ ಅವರು ಹೊರತಂದ ಶಾಸನ ಸಂಪುಟಗಳಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು, 1905ರದು. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಆಗ ಕೋಲಾರಕ್ಕೆ ಸೇರಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆ ಸಂಪುಟ ತೆರೆದರೆ ಯಾವ ದೊರೆ ಯಾವ ಕೆರೆಯ ಕೆಳಗೆ ಯಾರಿಗೆ ಎಷ್ಟು ಗದ್ದೆ ಬಿಟ್ಟ ಎಂಬುದು ತಿಳಿಯುತ್ತದೆ. ಆ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸು ಸೀರೆಯನ್ನು ಹೇಗೆ ಎತ್ತಿ ಕಟ್ಟಿದ್ದಳು, ಸಂತೆಗೆ ಹೊರಟಾಗ ತಲೆಗೆ ಏನು ಮುಡಿದಿದ್ದಳು ಎಂಬುದು ಮಾತ್ರ ತಿಳಿಯುವುದಿಲ್ಲ. ಕಲ್ಲು ಕೊರೆಯುವವನಿಗೆ ಅದು ಬೇಕಾಗಿರಲಿಲ್ಲ, ಕೊರೆಸಿದವನಿಗಂತೂ ಬೇಕಾಗಿರಲೇ ಇಲ್ಲ.

ಕ್ಯಾಮೆರಾ ಬಂದ ಮೇಲಾದರೂ ಈ ಕೊರತೆ ನೀಗಬೇಕಿತ್ತಲ್ಲವೇ? ಛಾಯಾಚಿತ್ರ ಎಂಬ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. 1856ರ ಹೊತ್ತಿಗೆ ಮದ್ರಾಸಿನಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿತ್ತು. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂದು ಎಂಟು ಸಂಪುಟಗಳನ್ನು ಹೊರಡಿಸಿತು. ನಮ್ಮ ಮೈಸೂರು ಸೀಮೆಯದೇ ಆದ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ನ ನಾಲ್ಕು ಸಂಪುಟಗಳು 1928ರಿಂದ 1935ರ ಒಳಗೆ ಬಂದವು. ಇವುಗಳಲ್ಲಿ ಸಾಮಾನ್ಯ ಜನರ ಚಿತ್ರಗಳಿವೆ, ನಿಜ. ಆದರೆ ಆ ಪುಟಗಳಲ್ಲಿ ಮನುಷ್ಯರು ನಿಂತಿರುವುದು ಅಂಗಡಿಯಲ್ಲಿ ಬಟ್ಟೆಯ ಮಾದರಿ ತೋರಿಸಿದ ಹಾಗೆ. ಇವರು ಈ ಜಾತಿಯವರು, ಇವರ ಉಡುಪು ಇಂಥದು, ಅಷ್ಟೆ. ಒಬ್ಬಳು ಹೆಂಗಸು ತನ್ನ ಬೀದಿಯಲ್ಲಿ ತನ್ನ ಪಾಡಿಗೆ ನಡೆದು ಹೋಗುವುದನ್ನು ನೋಡಬೇಕೆನ್ನುವವರಿಗೆ ಅಲ್ಲಿ ಸಿಗುವುದು ಕಡಿಮೆ.

ನಮ್ಮ ಕಡೆಗೆ ಕ್ಯಾಮೆರಾ ಬಾರದೆ ಇರಲಿಲ್ಲ. ಅದು ನಂದಿಬೆಟ್ಟಕ್ಕೆ ಬರುತ್ತಿತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಟ್ಟದ ಮೇಲೆ ತಂಗಿದ್ದರು, 1936ರಲ್ಲಿ ಮತ್ತೊಮ್ಮೆ ಬಂದರು. 1961ರಲ್ಲಿ ಎಲಿಜಬೆತ್ ರಾಣಿ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ಏಳು ದೇಶಗಳ ಮುಖಂಡರು ಇದೇ ಬೆಟ್ಟ ಹತ್ತಿದರು. ದೊಡ್ಡವರು ಬಂದಾಗ ಫೋಟೋದವರೂ ಬರುತ್ತಾರೆ, ಅವರ ಜೊತೆಗೇ ಇಳಿದು ಹೋಗುತ್ತಾರೆ. ಬೆಟ್ಟದ ಬುಡದಲ್ಲಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವಳು ಚಿತ್ರದಲ್ಲಿ ಬಿದ್ದಿದ್ದರೆ ಅದು ಅವಳ ಅದೃಷ್ಟ, ಬೀಳದಿದ್ದರೆ ಕೇಳುವವರು ಯಾರು?

ಗೌರಿಬಿದನೂರಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದಾಗ ಪ್ರತಿ ವರ್ಷ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಆ ಜಾಗಕ್ಕೆ ಹೆಸರು. ಈ ಸುದ್ದಿ ಕೇಳಿ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಮೈಸೂರು ಸಂಸ್ಥಾನಕ್ಕೆ ಬಂದರು, ಮಿರ್ಜಾ–ಪಟೇಲ್ ಒಪ್ಪಂದವಾಯಿತು. ವಾಪಸು ಬಂದ ಮೇಲೆ ಆ ದಿನದ ಚಿತ್ರ ಬರೆಯಿರಿ ಎಂದರೆ ಮಕ್ಕಳೆಲ್ಲ ಬಾವುಟ ಬರೆಯುತ್ತಿದ್ದರು, ಬಂದೂಕು ಬರೆಯುತ್ತಿದ್ದರು, ಅಶ್ವತ್ಥ ಮರ ಬರೆಯುತ್ತಿದ್ದರು. ಅದು ಜಾತ್ರೆಯ ಕಾಲ. ಬಳೆ ಅಂಗಡಿ ಇತ್ತು, ಪುರಿ ಕಡ್ಲೆ ಇತ್ತು, ಹರಕೆ ಹೊತ್ತು ನಾಗರಕಲ್ಲಿಗೆ ನೀರೆರೆಯಲು ಬಂದ ಹೆಂಗಸರಿದ್ದರು. ಅವರನ್ನು ಒಬ್ಬ ಹುಡುಗನೂ ಬರೆಯಲಿಲ್ಲ. ಒಬ್ಬಳು ಹುಡುಗಿ ಮಾತ್ರ ಕೇಳಿದಳು: “ಮಿಸ್, ಆಗ ಹೆಂಗಸರು ಹೇಗೆ ಸೀರೆ ಉಡ್ತಿದ್ರು? ನೆರಿಗೆ ಹಾಕ್ತಿದ್ರಾ, ಕಚ್ಚೆನಾ?” ನಾನು ಅವಳಿಗೆ ನನ್ನ ಅಜ್ಜಿ ಉಡುತ್ತಿದ್ದುದನ್ನು ಹೇಳಿದೆ. ಗುಂಡಿನ ಚರಿತ್ರೆಗೆ ವರದಿಗಳಿವೆ, ಸೀರೆಯ ಚರಿತ್ರೆಗೆ ಅಜ್ಜಿಯೇ ಗತಿ!

ಹಾಗಾದರೆ ನಮ್ಮ ಊರುಗಳಲ್ಲಿ ಹಳೆಯ ಫೋಟೋಗಳೇ ಇಲ್ಲವೇ ಎಂದರೆ, ರಾಶಿ ಇವೆ. ಸ್ಟುಡಿಯೋಗಳು ಇದ್ದವಲ್ಲ! ಪರದೆಯ ಮೇಲೆ ಬಣ್ಣದಲ್ಲಿ ಬರೆದ ಉದ್ಯಾನ, ಮೆಟ್ಟಿಲು, ತಾಜಮಹಲು. ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ಎಂಬ ಕಪ್ಪುಬಿಳುಪು ರೋಲು ಆಗ ಹೆಸರುವಾಸಿ. ದೊಡ್ಡ ರೋಲಿನಲ್ಲಿ ಹನ್ನೆರಡು ಚಿತ್ರ. ಒಂದೊಂದಕ್ಕೂ ಕಾಸು ಬೀಳುತ್ತಿದ್ದುದರಿಂದ ಯಾರೂ ಸುಮ್ಮಸುಮ್ಮನೆ ಕ್ಲಿಕ್ಕಿಸುತ್ತಿರಲಿಲ್ಲ. ಮಗುವಿನ ಜವಳಕ್ಕೆ, ಮದುವೆಗೆ, ಸೀಮಂತಕ್ಕೆ ಫೋಟೋ. ಮೊಗ್ಗಿನ ಜಡೆ ಹಾಕಿಸಿಕೊಂಡ ದಿನವಂತೂ ಕಡ್ಡಾಯ. ಜಡೆ ಕಾಣಬೇಕು, ಮುಖವೂ ಕಾಣಬೇಕು, ಅದಕ್ಕೆ ಹಿಂದೆ ಒಂದು ಕನ್ನಡಿ! ನಿಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಇದ್ದೀತು. ಬೆಳೆದ ಹುಡುಗಿಯ ಫೋಟೋ ಮನೆಯಿಂದ ಆಚೆ ಹೋಗುತ್ತಿದ್ದುದು ವರನ ಕಡೆಯವರಿಗೆ ತೋರಿಸಲು ಮಾತ್ರ. ಅದೂ ಸಂಬಂಧ ಕೂಡದಿದ್ದರೆ ವಾಪಸು ಬಂತೋ ಇಲ್ಲವೋ ಎಂದು ತಾಯಂದಿರು ಎಣಿಸಿ ಇಟ್ಟುಕೊಳ್ಳುತ್ತಿದ್ದರು.

ಈ ಫೋಟೋಗಳೆಲ್ಲ ಹಬ್ಬದ ದಿನದವು. ಅವುಗಳನ್ನು ನಂಬಿ ಚರಿತ್ರೆ ಬರೆದರೆ, ನಮ್ಮ ಊರಿನ ಹೆಂಗಸರು ದಿನವೂ ಜರಿ ಸೀರೆ ಉಟ್ಟು ತಾಜಮಹಲಿನ ಮುಂದೆ ನಿಂತಿದ್ದರು ಎಂದು ಬರೆಯಬೇಕಾದೀತು. 1973ರಲ್ಲಿ ‘ಬಾಬಿ’ ಸಿನಿಮಾ ಬಂದ ಮೇಲೆ ನಮ್ಮ ಅಕ್ಕಂದಿರು ಚುಕ್ಕೆ ಬಟ್ಟೆಗೆ, ಪಫ್ ತೋಳಿನ ರವಿಕೆಗೆ ಹಟ ಹಿಡಿದದ್ದು, ನೈಲಾನ್ ಸೀರೆ ಒಗೆಯಲು ಸುಲಭ ಎಂದು ಹತ್ತಿ ಸೀರೆಗಳು ಟ್ರಂಕಿನ ತಳ ಸೇರಿದ್ದು, ಲಂಗ ದಾವಣಿ ಹೋಗಿ ಚೂಡಿದಾರ ಬಂದದ್ದು, ಆಮೇಲೆ ನೈಟಿಯ ಮೇಲೊಂದು ಟವೆಲು ಹೊದ್ದರೆ ಹಾಲಿನ ಬೂತಿನವರೆಗೆ ಹೋಗಬಹುದು ಎಂದು ಇಡೀ ಬೀದಿ ಒಮ್ಮತಕ್ಕೆ ಬಂದದ್ದು: ಇವೆಲ್ಲ ಸಣ್ಣ ಸಂಗತಿಗಳಲ್ಲ. ಆ ಟವೆಲಿನ ಹಿಂದೆ ಎಷ್ಟು ಮನೆಗಳ ಅತ್ತೆ ಸೊಸೆಯರ ವಾದ ಇದೆ ಎಂದು ನಿಮಗೂ ಗೊತ್ತು. ಇದನ್ನು ಯಾವ ಸ್ಟುಡಿಯೋದವರೂ ಹಿಡಿಯಲಿಲ್ಲ.

ನಾನು ಹುಟ್ಟಿ ಬೆಳೆದ ಶಿಡ್ಲಘಟ್ಟದ ಬೀದಿಯನ್ನೇ ಹೇಳುತ್ತೇನೆ. ಆಗ ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳು ಬಿಸಿಲಿಗೆ ಸಾಲಾಗಿ ನಿಂತಿರುತ್ತಿದ್ದವು. ಹುಳು ಹಣ್ಣಾದ ಮನೆಯವರು ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಓಡಾಡುತ್ತಿದ್ದರು. ಗೂಡು ಬೇಯಿಸುವ ವಾಸನೆ ಊರಿಗೇ ಹೊದಿಕೆಯಾಗಿತ್ತು. ಬಿಸಿನೀರಿನಲ್ಲಿ ಕೈಯಾಡಿಸಿ ನೂಲು ತೆಗೆಯುವ ಹೆಂಗಸರ ಬೆರಳುಗಳು ಬೆಳ್ಳಗೆ ಬಿರಿದಿರುತ್ತಿದ್ದವು. ಈಗ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ಗೂಡಿನ ಹರಾಜು ಕಂಪ್ಯೂಟರಿನಲ್ಲಿ ನಡೆಯುತ್ತದೆ. ನನ್ನ ಕಣ್ಣಿನಲ್ಲಿರುವ ಆ ಬೀದಿಯನ್ನು ನನ್ನ ಶಾಲೆಯ ಮಕ್ಕಳಿಗೆ ತೋರಿಸೋಣವೆಂದರೆ ನಮ್ಮ ಮನೆಯ ಟ್ರಂಕಿನಲ್ಲಿರುವುದು ಎರಡೇ ಎರಡು ಮದುವೆಯ ಆಲ್ಬಮ್ಮು.

ನಮ್ಮ ಕಡೆಯ ಸಾಮಾನ್ಯ ಹೆಂಗಸರನ್ನು ಮೊಟ್ಟಮೊದಲು ಸಾಲಾಗಿ ಕೂರಿಸಿ ಫೋಟೋ ತೆಗೆದವರು ಯಾರು ಗೊತ್ತೇ? ಚುನಾವಣಾ ಆಯೋಗ! ಮತದಾರರಿಗೆಲ್ಲ ಭಾವಚಿತ್ರದ ಗುರುತಿನ ಚೀಟಿ ಕೊಡಬೇಕೆಂದು 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದಲ್ಲಿ ಆದೇಶವಾಯಿತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಶಾಲೆಯ ಜಗುಲಿಯೇ ಸ್ಟುಡಿಯೋ, ನಾವು ಮೇಡಮ್ಮುಗಳೇ ಹೆಸರು ಬರೆದುಕೊಳ್ಳುವವರು. ಬಂದ ಹೆಂಗಸರಲ್ಲಿ ಬಹಳ ಜನ ಮದುವೆಯ ಸೀರೆ ಉಟ್ಟು, ತಲೆತುಂಬ ಕನಕಾಂಬರ ಮುಡಿದು ಬಂದಿದ್ದರು. ಫೋಟೋದಲ್ಲಿ ಬೀಳುವುದು ಕುತ್ತಿಗೆಯ ಮೇಲಿನದು ಮಾತ್ರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಬ್ಬ ಅಜ್ಜಿ ತೆಲುಗಿನಲ್ಲಿ ಕೇಳಿದಳು, ಈ ಫೋಟೋ ಮನೆಗೆ ಕೊಡುತ್ತೀರಾ, ಸತ್ತ ಮೇಲೆ ಗೋಡೆಗೆ ಹಾಕಲು ಮಕ್ಕಳಿಗೆ ಬೇಕಾಗುತ್ತದೆ ಎಂದು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಆ ಅಜ್ಜಿಯ ಮಾತಿನ ಅರ್ಥ ನನಗೆ ಆದದ್ದು ನನ್ನ ತಾಯಿ ತೀರಿಕೊಂಡಾಗ. ಅಮ್ಮ ಮೂವತ್ತು ವರ್ಷ ನೂಲು ತೆಗೆದವಳು. ಹನ್ನೊಂದನೆಯ ದಿನಕ್ಕೆ ಫೋಟೋ ಬೇಕೆಂದು ಹುಡುಕಿದರೆ ಮದುವೆಯ ಗುಂಪಿನಲ್ಲಿ ಅರ್ಧ ಮುಖ, ಇಲ್ಲವೇ ಮತದಾರರ ಚೀಟಿ. ಚೀಟಿಯನ್ನೇ ಕೊಟ್ಟು ದೊಡ್ಡದು ಮಾಡಿಸಿದೆವು. ಸ್ಟುಡಿಯೋ ಹುಡುಗ ಒಳ್ಳೆಯವನು, ನಾವು ಹೇಳದೆಯೇ ಕಂಪ್ಯೂಟರಿನಲ್ಲಿ ಅಮ್ಮನಿಗೆ ನೇರಳೆ ಬಣ್ಣದ ರೇಷ್ಮೆ ಸೀರೆ ಉಡಿಸಿ, ಎರಡೆಳೆ ಸರ ಹಾಕಿ ತಂದ. ನೆಂಟರೆಲ್ಲ ಲಕ್ಷಣವಾಗಿದೆ ಎಂದರು. ಊರಿನವರ ರೇಷ್ಮೆಗೆ ನೂಲು ತೆಗೆದ ನನ್ನ ತಾಯಿ ಅಂಥ ಸೀರೆ ಉಟ್ಟದ್ದು ಆ ಚೌಕಟ್ಟಿನಲ್ಲಿ ಮಾತ್ರ. ನನಗೆ ಬೇಕಾಗಿದ್ದುದು ಮೊಣಕೈವರೆಗೆ ಒದ್ದೆಯಾದ ತೋಳು, ಸೊಂಟಕ್ಕೆ ಸಿಕ್ಕಿಸಿದ ಮಾಸಲು ಹಸಿರು ಸೆರಗು. ಅದು ಎಲ್ಲೂ ಇಲ್ಲ. ಮೊಮ್ಮಕ್ಕಳು ನೇರಳೆ ಸೀರೆಯವಳನ್ನೇ ಅಜ್ಜಿ ಎಂದುಕೊಂಡು ಬೆಳೆಯುತ್ತಿದ್ದಾರೆ.

ಸಾಮಾನ್ಯ ದಿನದ ಸಾಮಾನ್ಯ ಜನರನ್ನು ಹಿಡಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು, ದೊಡ್ಡವರ ಚಿತ್ರಗಳನ್ನೂ ತೆಗೆದರು. ಆದರೆ ಅವರ ಹೆಸರು ಉಳಿದಿರುವುದು ಬೀದಿಯ ಮಕ್ಕಳು, ಕೂಲಿಯವರು, ನಗುವ ಮುದುಕಿಯರಿಂದ. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯವರೆಗೆ ಹೋದವು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆಂಗಸರಲ್ಲಿ ಹೋಮಾಯ್ ವ್ಯಾರಾವಾಲಾ, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದ ಅವರು ಭಾರದ ಕ್ಯಾಮೆರಾ ಹೊತ್ತು, ಸೀರೆಯಲ್ಲೇ ಸೈಕಲ್ ತುಳಿದು ದೆಹಲಿ ಸುತ್ತಿದರು. ಅವರು ಮೊದಮೊದಲು ಮುಂಬಯಿಯ ಬೀದಿಗಳನ್ನೂ ಓದುವ ಹುಡುಗಿಯರನ್ನೂ ತೆಗೆದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ತೆಗೆಸಿಕೊಂಡವಳಿಗೆ ಹೆಸರಿಲ್ಲ, ತೆಗೆದವಳಿಗೂ ಹೆಸರಿಲ್ಲ. ಪದ್ಮವಿಭೂಷಣ ಬಂದಾಗ 2011, ಅವರಿಗೆ ತೊಂಬತ್ತೇಳು ವರ್ಷ.

ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ದಿನಕ್ಕೆ ನೂರು ಫೋಟೋ ತೆಗೆಯುತ್ತಾರೆ, ಇನ್ನೇನು ಕೊರತೆ ಎನ್ನಬಹುದು. ತೆಗೆಯುವುದು ಹೆಚ್ಚಿದೆ, ಉಳಿಯುವುದು ಹೆಚ್ಚಿಲ್ಲ. ಮೊಬೈಲು ಒಡೆದರೆ ಆಲ್ಬಮ್ಮೇ ಹೋಯಿತು. ಇನ್ನೊಂದು ಭಯವೂ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮೊಬೈಲು ಎತ್ತಿದರೆ ನಮ್ಮ ಹೆಣ್ಣುಮಕ್ಕಳು ಮುಖ ತಿರುಗಿಸುತ್ತಾರೆ, ತಿರುಗಿಸುವುದೇ ಸರಿ. ಕೇಳದೆ ತೆಗೆದ ಚಿತ್ರ ಎಲ್ಲಿ ಹೋಗಿ ಏನಾಗುತ್ತದೋ ಎಂಬ ಕಾಲ ಇದು. ಆದ್ದರಿಂದಲೇ ನಮ್ಮ ಬೀದಿಯನ್ನು ನಮ್ಮವರೇ, ಕೇಳಿ, ಹೇಳಿ ತೆಗೆಯಬೇಕು ಎನ್ನುತ್ತೇನೆ. ನಂದಿಯ ಶಿವರಾತ್ರಿ ತೇರನ್ನು ಸಾವಿರ ಜನ ತೆಗೆಯುತ್ತಾರೆ. ತೇರಿಗೆ ಬೆನ್ನು ಹಾಕಿ ನಿಂತು, ಅದನ್ನು ನೋಡುವವರ ಮುಖವನ್ನು ಒಂದು ಸಲ ತೆಗೆಯಿರಿ. ಮುರುಗಮಲ್ಲದ ದರ್ಗಾಕ್ಕೆ ಬರುವ ಎಲ್ಲ ಮತದ ಹೆಂಗಸರನ್ನು, ಚಿಂತಾಮಣಿಯ ಮಂಡಿಯಲ್ಲಿ ಟೊಮೇಟೊ ಆರಿಸುವವರನ್ನು ತೆಗೆಯಿರಿ.

ಈಗ ನಾನಿರುವ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಎಂಟನೆಯ ತರಗತಿಯವರಿಗೆ ಇದನ್ನೇ ಮನೆಕೆಲಸ ಕೊಟ್ಟಿದ್ದೇನೆ. ನಿಯಮ ಮೂರೇ: ಮೊದಲು ಒಪ್ಪಿಗೆ ಕೇಳಬೇಕು; ಹಬ್ಬದ ದಿನ ಆಗಬಾರದು; ಪ್ರಿಂಟ್ ಹಾಕಿಸಿ ಹಿಂದೆ ಹೆಸರು, ಬೀದಿ, ತಾರೀಕು ಬರೆಯಬೇಕು. ಎರಡು ಪ್ರಿಂಟ್, ಒಂದು ಶಾಲೆಗೆ, ಒಂದು ಆ ಮನೆಗೆ. ಹೋದ ವಾರ ಒಬ್ಬಳು ಹುಡುಗಿ ತಂದ ಚಿತ್ರದಲ್ಲಿ ಅವಳ ಪಕ್ಕದ ಮನೆಯಾಕೆ ತಳ್ಳುಗಾಡಿಯ ಮುಂದೆ ನೈಟಿ, ಟವೆಲಿನಲ್ಲಿ ನಿಂತು ಕರಿಬೇವು ಕೊಸರು ಕೇಳುತ್ತಿದ್ದಾರೆ. “ಸೀರೆ ಉಟ್ಟು ಬರ್ತೀನಿ ತಾಳು ಅಂದ್ರು ಮಿಸ್, ನಾನು ಬೇಡ ಆಂಟಿ ಹೀಗೇ ಇರಿ ಅಂದೆ” ಎಂದಳು. ಚಿತ್ರವನ್ನು ತಿರುಗಿಸಿ ನೋಡಿದೆ. ಹೆಸರಿತ್ತು, ಬೀದಿಯಿತ್ತು, ತಾರೀಕಿನ ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ’ ಎಂದು ಬರೆದಿದ್ದಳು. ಹತ್ತಕ್ಕೆ ಹತ್ತು ಕೊಟ್ಟೆ.