ಒಂದೇ ಕಾಯ್ದೆ, ಎರಡು ಗಡಿ

1956ರ ನವೆಂಬರ್ 1 ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಾಸರಗೋಡು. ದಕ್ಷಿಣ ಕನ್ನಡದ ತಾಲ್ಲೂಕಾಗಿದ್ದ ಅದು ಅಂದು ಕೇರಳಕ್ಕೆ ಸೇರಿತು. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಸಂಬಂಧಿಕರಿದ್ದ ಬ್ಯಾರಿ ಮನೆಗಳಿಗೆ ತಲಪಾಡಿ ಎಂಬುದು ರಾಜ್ಯದ ಗಡಿಯಾಯಿತು.

ಅದೇ ದಿನ, ಅದೇ ಕಾಯ್ದೆಯಿಂದ, ಬಹುದೂರದ ಇನ್ನೊಂದು ಊರಿನವರಿಗೂ ಹೀಗೇ ಆಯಿತು. ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಬಂದವು. ಉಮರ್ಗಾ ತನ್ನ ಉಸ್ಮಾನಾಬಾದ್ ಜಿಲ್ಲೆಯ ಜೊತೆಗೆ ಮುಂಬಯಿಗೆ ಸೇರಿತು. 1960ರಲ್ಲಿ ಅವೆಲ್ಲ ಮಹಾರಾಷ್ಟ್ರವಾದವು.

ಇದನ್ನು ತಿಳಿಯಲು ಇತಿಹಾಸದ ಡಿಗ್ರಿ ಬೇಕಿಲ್ಲ. ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಸರ್ಕಾರದ ‘ಇಂಡಿಯಾ ಕೋಡ್’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. 5ನೇ ಸೆಕ್ಷನ್ನಿನಲ್ಲಿ ಕಾಸರಗೋಡು ಇದೆ, 8ನೇ ಸೆಕ್ಷನ್ನಿನಲ್ಲಿ ಉದಗೀರ, ನಿಲಂಗಾ ಇವೆ. ಲಕ್ಷಾಂತರ ಜನರ ವಿಳಾಸ ಬದಲಿಸಿದ್ದು ಕೆಲವೇ ಸಾಲುಗಳು.

ಮೆಷಿನ್ ಡ್ರಾಯಿಂಗ್‌ನಲ್ಲಿ ಒಂದು ಬಿಡಿಭಾಗವನ್ನು ಸೀಳಿದಂತೆ ಗೆರೆ ಎಳೆಯುತ್ತೇವೆ. ಒಳಗೆ ಏನಿದೆ ಎಂದು ತೋರಿಸುವುದಷ್ಟೇ ಆ ಗೆರೆಯ ಕೆಲಸ, ಕಬ್ಬಿಣ ತುಂಡಾಗುವುದಿಲ್ಲ. ಗಡಿಯ ಗೆರೆ ಆಡಳಿತವನ್ನು ನಿಜವಾಗಿಯೂ ಕತ್ತರಿಸಿತು. ಆದರೆ ಅಡುಗೆಮನೆ, ಹೊಲ, ಸಂತೆಗಳನ್ನು?

ಇದಕ್ಕೆ ಉತ್ತರ ಎಳ್ಳಮಾವಾಸ್ಯೆಯಲ್ಲಿದೆ. ಬೀದರ್, ಕಲಬುರಗಿಯ ರೈತರು ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಅದೇ ದಿನ ಲಾತೂರ್, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಗಳ ಮರಾಠಿ ರೈತರೂ ಹೊಲದಲ್ಲೇ ಇರುತ್ತಾರೆ. ಅವರು ಅದನ್ನು ‘ವೇಳ ಅಮಾವಾಸ್ಯೆ’ ಎನ್ನುತ್ತಾರೆ. ಅದು ಕನ್ನಡದ ಎಳ್ಳಮಾವಾಸ್ಯೆಯಿಂದಲೇ ಬಂದ ಹೆಸರೆಂದು ಅಲ್ಲಿಯವರೇ ಹೇಳುತ್ತಾರೆ. ಊಟದಲ್ಲೂ ಅದೇ ಭಜ್ಜಿ, ಅದೇ ಅಂಬೀಲ, ಜೊತೆಗೆ ‘ಉಂಡೆ’. ಆ ಕಡೆಯ ಹುಡುಗರು ಯೂಟ್ಯೂಬಿಗೆ ಹಾಕಿದ ವಿಡಿಯೊಗಳನ್ನು ಬೀದರ್‌ನ ವಿಡಿಯೊಗಳ ಪಕ್ಕದಲ್ಲಿಟ್ಟು ನೋಡಿ, ಗಡಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ವ್ಯಾಪಾರವೂ ಹಾಗೆಯೇ. ನನ್ನ ತಂದೆಯ ದಿನಸಿ ಅಂಗಡಿಯಲ್ಲಿ ತೊಗರಿಬೇಳೆಗೆ ಕಲಬುರಗಿಯದು, ಲಾತೂರಿನದು ಎಂಬ ಲೆಕ್ಕವಿತ್ತು. ಎರಡೂ ಅದೇ ಕಪ್ಪು ಮಣ್ಣಿನ ಬೆಳೆ. ಬೀದರ್, ಭಾಲ್ಕಿ ದಾಟಿದ ರೈಲು ಉದಗೀರದಲ್ಲೂ ನಿಲ್ಲುತ್ತದೆ.

ಹಳೆಯದನ್ನು ಓದಬೇಕೆಂದರೆ ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ಇದೆ. ಶಿಕಾಗೋ ವಿಶ್ವವಿದ್ಯಾಲಯದ ‘ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿ’ ಅದನ್ನು ಉಚಿತವಾಗಿ ಇಟ್ಟಿದೆ. ಆದರೆ ಓದುವಾಗ ಒಂದು ಎಚ್ಚರ ಬೇಕು. ಗೆಜೆಟಿಯರ್ ಬರೆದದ್ದು ಆಡಳಿತ ನಡೆಸುವವರಿಗಾಗಿ. ಅದರಲ್ಲಿ ಬೆಳೆ, ಕಂದಾಯ, ಜಾತಿ, ಕೋಟೆಗಳಿವೆ. ತಾಯಿ ಮಗುವನ್ನು ಯಾವ ಭಾಷೆಯಲ್ಲಿ ಮಲಗಿಸಿದಳು ಎಂಬುದಿಲ್ಲ. ಜನಗಣತಿಯೂ ಒಬ್ಬರಿಗೆ ಒಂದೇ ಮಾತೃಭಾಷೆ ಬರೆದುಕೊಳ್ಳುತ್ತದೆ, ಬೇರೆ ಗೊತ್ತಿರುವ ಭಾಷೆಗಳಿಗೆ ಎರಡೇ ಜಾಗ. ಉದಗೀರದಲ್ಲಿ ಮನೆಯಲ್ಲಿ ದಖನಿ, ಪೇಟೆಯಲ್ಲಿ ಮರಾಠಿ, ನೆರೆಯವರೊಡನೆ ಕನ್ನಡ, ಓದಿಗೆ ಉರ್ದು ಎಂದು ಬದುಕುವವರು ಆ ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ. ಮನೆಯಲ್ಲಿ ಬ್ಯಾರಿ, ಬಜಾರಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಯಾಚೆ ಮಲಯಾಳಂ ಆಡುವ ನಾವೂ ಹಿಡಿಸುವುದಿಲ್ಲ.

ಸರ್ಕಾರದ ‘ಸ್ವಯಂ’ ತಾಣದಲ್ಲಿ ಇತಿಹಾಸದ ಪಾಠಗಳನ್ನು ದುಡ್ಡಿಲ್ಲದೆ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಆದರೆ ಯಾರೂ ದಾಖಲಿಸದೆ ಬಿಟ್ಟದ್ದನ್ನು ಯಾವ ತಾಣವೂ ಕಲಿಸದು. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅದಕ್ಕೂ ಮೊದಲಿನ ಮಾತು ಹೆಚ್ಚಾಗಿ ಉಳಿದಿರುವುದು ಹಿರಿಯರ ಬಾಯಲ್ಲಿ.

ಲಾತೂರಿನ ಹುಡುಗರು ಹೊಲದ ಊಟವನ್ನು ಫೋನಿನಲ್ಲಿ ಹಿಡಿದಿಟ್ಟದ್ದರಿಂದಲೇ ಇಷ್ಟು ದೂರ ಕುಳಿತು ನಾವು ಕಲಿಯುತ್ತಿದ್ದೇವೆ. ನಮ್ಮಲ್ಲೂ ಫೋನಿದೆ. ಉಮ್ಮ ಪತ್ತಿರ್ ತಟ್ಟುವಾಗ ಆಡುವ ಮಾತು, 1956ರ ಮೊದಲು ಮಂಜೇಶ್ವರಕ್ಕೆ ಮದುವೆಯಾಗಿ ಹೋದವರ ನೆನಪು, ಅಂಗಡಿಯ ಹಳೆಯ ಲೆಕ್ಕದ ಪುಸ್ತಕ, ಇವನ್ನು ಅವರ ಒಪ್ಪಿಗೆ ಕೇಳಿ ಊರು, ವರ್ಷ ಹೇಳಿ ದಾಖಲಿಸೋಣ. ಆ ದಿನವನ್ನು ಕಂಡು ನೆನಪಿಟ್ಟವರಿಗೆ ಈಗ ಎಪ್ಪತ್ತೈದು ದಾಟಿದೆ.