ಗಿಟಾರ್‌ಗೆ ಕಛೇರಿಯ ಗೌರವ ತಂದ ಸೆಗೋವಿಯಾ

ಶಾಸ್ತ್ರೀಯ ಗಿಟಾರ್‌ಗೆ ವಿಶ್ವಮನ್ನಣೆ ತಂದುಕೊಟ್ಟವರಲ್ಲಿ ಆಂಡ್ರೆಸ್ ಸೆಗೋವಿಯಾ ಅಗ್ರಗಣ್ಯರು. 1893ರ ಫೆಬ್ರವರಿ 21ರಂದು ಸ್ಪೇನ್‌ನ ಲಿನಾರೆಸ್‌ನಲ್ಲಿ ಜನಿಸಿದ ಅವರು, ಬಹುಮಟ್ಟಿಗೆ ಸ್ವಂತ ಅಭ್ಯಾಸದಿಂದಲೇ ವಾದನ ಕಲಿತರು. 1909ರಲ್ಲಿ, 16ನೇ ವಯಸ್ಸಿನಲ್ಲಿ, ಗ್ರನಾಡಾದಲ್ಲಿ ಮೊದಲ ಕಛೇರಿ ನೀಡಿದರು. 1924ರಲ್ಲಿ ಪ್ಯಾರಿಸ್, 1928ರಲ್ಲಿ ನ್ಯೂಯಾರ್ಕ್ ಶ್ರೋತೃಗಳು ಅವರ ವಾದನ ಕೇಳಿದರು.

ಆಗ ಗಿಟಾರ್ ಎಂದರೆ ಹಾಡಿಗೆ, ಕುಣಿತಕ್ಕೆ ಜೊತೆ ನೀಡುವ ವಾದ್ಯವೆಂಬ ಭಾವನೆಯೇ ಹೆಚ್ಚಾಗಿತ್ತು. ಪಿಯಾನೊ, ವಯೊಲಿನ್‌ಗಳಿಗೆ ಇದ್ದಷ್ಟು ಕೃತಿಗಳೂ ಅದಕ್ಕಿರಲಿಲ್ಲ. ಈ ಕೊರತೆ ನೀಗಿಸಲು ಸೆಗೋವಿಯಾ ಎರಡು ದಾರಿ ಹಿಡಿದರು. ಬಾಖ್ ವಯೊಲಿನ್‌ಗೆ ರಚಿಸಿದ 'ಶಕೋನ್' ಕೃತಿಯನ್ನು ಗಿಟಾರ್‌ಗೆ ಅಳವಡಿಸಿ, 1935ರಲ್ಲಿ ಪ್ಯಾರಿಸ್‌ನಲ್ಲಿ ನುಡಿಸಿದರು. ಜೊತೆಗೆ ಮೆಕ್ಸಿಕೊದ ಮ್ಯಾನುಯೆಲ್ ಪೋನ್ಸೆ, ಸ್ಪೇನ್‌ನ ಹೊಆಕಿನ್ ರೊಡ್ರಿಗೊ ಮುಂತಾದವರಿಂದ ಹೊಸ ಕೃತಿಗಳನ್ನು ಬರೆಸಿದರು.

ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದ ತಂತಿಗಳು ಬೇಗನೆ ತುಂಡಾಗುತ್ತಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವೂ ಸಿಗದಾದವು. ಆಗ ನ್ಯೂಯಾರ್ಕ್‌ನ ಆಲ್ಬರ್ಟ್ ಆಗಸ್ಟಿನ್ ಸಿದ್ಧಪಡಿಸಿದ ನೈಲಾನ್ ತಂತಿಗಳನ್ನು ಸೆಗೋವಿಯಾ ಬೆಂಬಲಿಸಿದರು. ಇಂದು ಶಾಸ್ತ್ರೀಯ ಗಿಟಾರ್‌ಗಳಲ್ಲಿ ನೈಲಾನ್ ತಂತಿಯೇ ಸಾಮಾನ್ಯ.

ಜಾನ್ ವಿಲಿಯಮ್ಸ್, ಕ್ರಿಸ್ಟೋಫರ್ ಪಾರ್ಕೆನಿಂಗ್ ಅವರ ಪ್ರಸಿದ್ಧ ಶಿಷ್ಯರು. 1981ರಲ್ಲಿ ಸ್ಪೇನ್ ದೊರೆ ಅವರಿಗೆ 'ಸಲೊಬ್ರೆನಾದ ಮಾರ್ಕ್ವಿಸ್' ಪದವಿ ನೀಡಿ ಗೌರವಿಸಿದರು. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ನುಡಿಸುತ್ತಿದ್ದ ಸೆಗೋವಿಯಾ, 1987ರ ಜೂನ್ 2ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು.